ಗ್ರಂಥವಿಮರ್ಶೆ: ಭ್ರೂಣದ ಆಯ್ಕೆಯೂ ಪ್ರಮಾಣವಿಚಾರವೂ

ಅಮೆರಿಕದ ತತ್ತ್ವಜ್ಞರಾದ ಮೈಕಲ್ ಸ್ಯಾಂಡೆಲ್ ಅವರು 2007ರಲ್ಲಿ ಪ್ರಕಟಿಸಿದ ‘ದಿ ಕೇಸ್ ಎಗೇನ್‌ಸ್ಟ್ ಪರ್ಫೆಕ್ಷನ್’ ಎಂಬ ಕಿರುಗ್ರಂಥವು, ಶಿಶುವು ತಂದೆತಾಯಿಗಳ ನಿರ್ಮಾಣವಲ್ಲ, ಅಯಾಚಿತವಾಗಿ ಬಂದ ಕೊಡುಗೆಯೆಂದು ಸಾರುತ್ತದೆ. ರೋಗಚಿಕಿತ್ಸೆಯನ್ನು ಅವರು ಆಕ್ಷೇಪಿಸುವುದಿಲ್ಲ. ಬುದ್ಧಿಯನ್ನೋ ಎತ್ತರವನ್ನೋ ಬಯಸಿ ಸಂತಾನವನ್ನು ಆರಿಸುವುದು ವಿನಯಕ್ಕೆ ಭಂಗವೆಂಬುದೇ ಅವರ ಸಿದ್ಧಾಂತ. ಶೈಲಿಯು ಪ್ರಸನ್ನ, ಆಶಯವು ಉದಾತ್ತ.

ಆದರೂ ಒಂದು ನ್ಯೂನತೆಯುಂಟು. ಈ ವಿದ್ಯೆಯು ಫಲಿಸಿದರೆ ಗತಿಯೇನೆಂದು ಕೇಳುವ ಗ್ರಂಥಕರ್ತರು, ಅದು ಫಲಿಸುವುದೇ ಎಂಬಲ್ಲಿ ನಿಲ್ಲುವುದಿಲ್ಲ. ಪ್ರಮಾಣಪರೀಕ್ಷೆಯು ಮೊದಲಾಗಬೇಕಲ್ಲವೆ? ಒಂದೇ ಜೀನಿನ ದೋಷದಿಂದ ಬರುವ ಥಲಸ್ಸೀಮಿಯದಂತಹ ರೋಗವನ್ನು ಭ್ರೂಣದಲ್ಲಿ ಬಹುಮಟ್ಟಿಗೆ ಗುರುತಿಸಬಹುದು. ಎತ್ತರವಾದರೋ ಸಾವಿರಾರು ಜೀನುಭೇದಗಳ ಹಾಗೂ ಪೋಷಣೆಯ ಸಂಯೋಗಫಲ. 2019ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಬಹುಸಂತಾನದ 28 ಕುಟುಂಬಗಳನ್ನು ಪರಿಶೀಲಿಸಿತು. ಜೀನುಗಣನೆಯು ಅಗ್ರಸ್ಥಾನವಿತ್ತ ಸಂತಾನವೇ ಬೆಳೆದು ಎಲ್ಲರಿಗಿಂತ ಎತ್ತರವಾದುದು 7 ಕುಟುಂಬಗಳಲ್ಲಿ ಮಾತ್ರ.

ಇಂತಹ ಗಣನೆಯನ್ನು ನೆಚ್ಚಿ ಭ್ರೂಣವನ್ನು ತ್ಯಜಿಸುವ ದಂಪತಿಗಳಲ್ಲಿ ಅಹಂಕಾರಕ್ಕಿಂತಲೂ ಮೋಸಹೋದ ಆಸೆಯೇ ಹೆಚ್ಚು. ಆ ಆಸೆಯನ್ನು ಮಾರುವವರ ಹೊಣೆಯನ್ನೂ ತೂಗಿದ್ದರೆ ಗ್ರಂಥದ ಬೋಧೆಯು ಇನ್ನಷ್ಟು ಬಲಗೊಳ್ಳುತ್ತಿತ್ತು. ಅಷ್ಟಾದರೂ ಗೃಹಸ್ಥರು ಓದಿ ಮನನಮಾಡತಕ್ಕ ಕೃತಿಯಿದು.