ಹರದೇಶಿ–ನಾಗೇಶಿ: ಹಾಡಿಕೆಯೊಳಗಿನ ಇಚ್ಛೆ ಮತ್ತು ವಿಧಿ

ಹರದೇಶಿ–ನಾಗೇಶಿ ಉತ್ತರ ಕರ್ನಾಟಕದ ಗೀಗೀ ಮೇಳಗಳ ವಾದದ ಹಾಡಿಕೆ. ಹರದೇಶಿಯವರು ಶಿವನ ಮತ್ತು ಗಂಡಿನ ಹೆಚ್ಚುಗಾರಿಕೆ ಹಾಡುತ್ತಾರೆ; ನಾಗೇಶಿಯವರು ಶಕ್ತಿಯ ಮತ್ತು ಹೆಣ್ಣಿನ ಹೆಚ್ಚುಗಾರಿಕೆ ಹಾಡುತ್ತಾರೆ. ಮುಂದೆ ದಪ್ಪು ಹಿಡಿದ ಹಾಡುಗಾರ ಇಲ್ಲವೆ ಹಾಡುಗಾರ್ತಿ, ಹಿಂದೆ ತುಂತುಣಿ ಮತ್ತು ತಾಳದೊಂದಿಗೆ ‘ಗೀಗೀ’ ಎಂದು ಸೊಲ್ಲು ಎತ್ತಿಕೊಳ್ಳುವ ಹಿಮ್ಮೇಳ. ವಿಜಯಪುರ, ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ಇದು ಜಾತ್ರೆಯ ರಾತ್ರಿಗೆ ಒಪ್ಪುವ ಕಲೆ. ಒಂದು ಮೇಳ ಸವಾಲು ಎಸೆದು ಕೂತರೆ ಇನ್ನೊಂದು ಎದ್ದು ಜವಾಬು ಕೊಡಬೇಕು. ಬೆಳಗಾಗುವವರೆಗೆ ಇದೇ ನಡೆಯುತ್ತದೆ. ಮರಾಠಿಯ ಕಲ್ಗಿ–ತುರಾ ಇದರ ನೆರೆಯ ಬಳಗ. ರಾಜಸ್ಥಾನದ ತುರ್ರಾ–ಕಲಂಗಿಯಲ್ಲೂ ಒಂದು ಪಕ್ಷ ಶಿವನದು, ಇನ್ನೊಂದು ಶಕ್ತಿಯದು. ಅಲ್ಲಿನ ಐತಿಹ್ಯ ಇವೆರಡರ ಮೂಲವನ್ನು ತುಕನಗೀರ್ ಎಂಬ ಸಂತನಿಗೂ ಶಾಹ ಅಲಿ ಎಂಬ ಫಕೀರನಿಗೂ ಒಪ್ಪಿಸುತ್ತದೆ.

ಈ ಹಾಡಿಕೆಗೆ ಎರಡು ಬಗೆಯ ಹೆಸರು ಅಂಟಿಕೊಂಡಿದೆ, ಎರಡೂ ಅದರ ತೂಕಕ್ಕೆ ಕಡಿಮೆ. ಒಂದು, ಇದು ಗಂಡ–ಹೆಂಡಿರ ಜಗಳದ ಮೋಜು ಎಂಬುದು. ಎರಡನೆಯದು ಹೆಚ್ಚು ಗೌರವದ್ದು, ಆದ್ದರಿಂದಲೇ ಹೆಚ್ಚು ಹಾನಿಕರ: ಶಿವ–ಶಕ್ತಿ ಒಂದೇ ಎಂದು ಸಾರುವ ಸಮನ್ವಯದ ಕಲೆ ಎಂಬುದು. ಶಕ್ತಿ ಶಿವನಿಂದ ಬೇರೆಯಲ್ಲ ಎಂಬ ಶಕ್ತಿವಿಶಿಷ್ಟಾದ್ವೈತದ ಮಾತು ಈ ಸೀಮೆಯ ಕೇಳುಗನಿಗೆ ಮಠದ ಪ್ರವಚನದಲ್ಲಿ ಸಿಗುತ್ತದೆ. ಅದನ್ನೇ ಮತ್ತೆ ಕೇಳಲು ಯಾರೂ ಚಳಿಯಲ್ಲಿ ಕಂಬಳಿ ಹೊದ್ದು ಬಯಲಲ್ಲಿ ಕೂರುವುದಿಲ್ಲ. ಉತ್ತರ ಗೊತ್ತಿದ್ದೂ ಪ್ರಶ್ನೆಯನ್ನು ಬಿಡದೆ ಕಾಡಿಸುವುದು ಈ ಕಲೆಯ ಕೆಲಸ.

ಆ ಪ್ರಶ್ನೆ ಮೇಲುನೋಟಕ್ಕೆ ‘ಯಾರು ಹೆಚ್ಚು’ ಎಂಬುದು. ಒಳಗೆ ‘ಮಾಡಿದ್ದು ಯಾರು’ ಎಂಬುದು. ಒಂದು ಕೃತ್ಯಕ್ಕೆ ಕರ್ತೃ ಜೀವನೋ, ಮಾಯೆಯೋ, ಶಿವನ ಸಂಕಲ್ಪವೋ, ಹಿಂದಿನ ಕರ್ಮವೋ? ಹಾಡುವವರು ಈ ವಾದವನ್ನು ತಮ್ಮ ನಂಬಿಕೆಯಾಗಿ ಮಂಡಿಸುವುದಿಲ್ಲ, ವಹಿಸಿಕೊಂಡ ಪಕ್ಷವಾಗಿ ಮಂಡಿಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿಯೂ ಆಟಗಾರ ಒಂದು ಪಾತ್ರವನ್ನೂ ಬೇಕಾದರೆ ಅದಕ್ಕೊಂದು ದೇವರನ್ನೂ ಆರಿಸಿಕೊಳ್ಳುತ್ತಾನೆ. ಮಾಡಿದ ಯತ್ನ ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ. ಹಾಡಿಕೆಯಲ್ಲಿ ದಾಳವಿಲ್ಲ. ಎದುರಾಳಿಯ ಜವಾಬು ಮತ್ತು ನೋಟು ಹಿಡಿದು ಮೇಲೆದ್ದ ಕೇಳುಗ, ಇವೇ ತೀರ್ಪು. ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಅಷ್ಟಿಲ್ಲ: ಗುರು ಯಾವ ಪಕ್ಷದವನೋ ಶಿಷ್ಯನೂ ಸಾಮಾನ್ಯವಾಗಿ ಅದೇ ಪಕ್ಷದವನು. ಇಚ್ಛೆಯ ಬಗ್ಗೆ ವಾದಿಸುವ ಹಾಡುಗಾರನಿಗೆ ಪಕ್ಷ ಆರಿಸಿಕೊಳ್ಳುವ ಇಚ್ಛೆ ಇಲ್ಲದಿರುವುದನ್ನು ವಿಮರ್ಶಕರು ಗಮನಿಸಿದ್ದು ಕಡಿಮೆ.

ಈ ವಾದದ ಬಿಗಿ ತಿಳಿಯಲು ರೇಣುಕೆಯ ಕಥೆಯಂಥದು ಬೇರೆ ಸಿಗದು. ರೇಣುಕೆಯೇ ಎಲ್ಲಮ್ಮನೆಂದು ನಂಬಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವ ಜನಕ್ಕೆ ಕಥೆ ಹೇಳಬೇಕಿಲ್ಲ: ಮರಳಿನ ಕೊಡ, ಹಾವಿನ ಸಿಂಬೆ, ನೀರಾಟದ ಗಂಧರ್ವ, ಗಂಡ ಜಮದಗ್ನಿಯ ಸಿಟ್ಟು, ತಂದೆಯ ಆಜ್ಞೆಗೆ ತಾಯಿಯನ್ನು ಕಡಿದ ಮಗ ಪರಶುರಾಮನ ಕೊಡಲಿ. ಹರದೇಶಿಗೆ ಇದು ಸಿದ್ಧ ಆಯುಧ. ಮನಸ್ಸು ಚಂಚಲವಾಯಿತು, ಪಾತಿವ್ರತ್ಯದ ಬಲ ಕಳಚಿತು, ಮರಳಿನ ಕೊಡ ನಿಲ್ಲಲಿಲ್ಲ. ತಪ್ಪು ಅವಳೊಳಗೇ ಹುಟ್ಟಿತು ಎಂದು ಸಾಧಿಸಿದರೆ ಸಾಕು.

ನಾಗೇಶಿಗೆ ಇಲ್ಲಿ ಸಿಗುವ ಪಟ್ಟು ಒಂದೇ, ಆದರೆ ಬಲವಾದದ್ದು. ಹರನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು ಎನ್ನುವವರು ಹರದೇಶಿಯವರೇ. ಹಾಗಿದ್ದರೆ ಆ ದಿನ, ಆ ಹೊತ್ತಿಗೆ, ಆ ಹೊಳೆಗೆ ಗಂಧರ್ವನನ್ನು ಕಳಿಸಿದವರು ಯಾರು? ಹರನೇ ಕಳಿಸಿದ್ದರೆ ರೇಣುಕೆಯ ತಪ್ಪೇನು? ಅವನು ಕಳಿಸದಿದ್ದರೆ ಅವನಪ್ಪಣೆಯಿಲ್ಲದೆ ಕಡ್ಡಿ ಅಲುಗಿತು. ಹರದೇಶಿಗೆ ಉಳಿಯುವ ದಾರಿ ಎರಡು. ಕರ್ಮ ಎಂದರೆ ಕರ್ಮ ಶಿವನಿಗಿಂತ ದೊಡ್ಡದಾಗುತ್ತದೆ. ತಾನು ಕಾಯಬೇಕಾದ ದೇವರನ್ನು ತಾನೇ ಕೆಳಗಿಳಿಸಿದಂತಾಯಿತು. ಪರೀಕ್ಷೆ ಎಂದರೆ ಫಲ ಮೊದಲೇ ನಿಶ್ಚಯವಾಗಿರಲಿಲ್ಲ ಎಂದು ಒಪ್ಪಬೇಕು: ರೇಣುಕೆಗೆ ಗೆಲ್ಲುವ ಸ್ವಾತಂತ್ರ್ಯವೂ ಇತ್ತು, ಅದು ಶಿವ ಕೈಯಿಟ್ಟು ತಿರುಗಿಸದ ಜಾಗ. ಎರಡನೆಯ ದಾರಿಯೇ ಮಾನದ್ದು. ಆದರೆ ಆ ದಾರಿಯಲ್ಲಿ ಹೋದ ಹರದೇಶಿ ಎಲ್ಲವೂ ಶಿವನದೇ ಎಂಬ ತನ್ನ ಮೊದಲ ಸೊಲ್ಲನ್ನು ಹಿಂದಕ್ಕೆ ಪಡೆದಿರುತ್ತಾನೆ.

ನಾಗೇಶಿಗೂ ಗುಂಡಿ ಇದೆ. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಹೆತ್ತವಳೇ ಆದಿಶಕ್ತಿ ಎಂಬ ಸೃಷ್ಟಿಕಥೆ ಅವಳ ಬೆನ್ನೆಲುಬು. ಚಲಿಸುವುದೆಲ್ಲ ಶಕ್ತಿಯಾದರೆ ಪರಶುರಾಮನ ತೋಳಿನ ಬಲವೂ ಶಕ್ತಿಯೇ. ತಾಯಿಯ ಕೊರಳಿಗೆ ಬಿದ್ದ ಪೆಟ್ಟು ಶಕ್ತಿಯದೇ ಆಗುತ್ತದೆ. ಇದನ್ನು ಹಿಡಿದು ಕೇಳುವ ಹರದೇಶಿ ಗೆಲ್ಲಬಲ್ಲ. ಗಂಡಿನ ಹಿರಿಮೆಯ ಸಾಮಾನ್ಯ ಪಟ್ಟಿ ಓದುವವನಿಗೆ ಮಾತ್ರ ಅದು ಹೊಳೆಯುವುದಿಲ್ಲ.

ಕಥೆಯಲ್ಲಿ ಎರಡೂ ಪಕ್ಷಕ್ಕೆ ಒದಗದವರು ನಾಲ್ವರಿದ್ದಾರೆ. ಮಹಾಭಾರತದ ವನಪರ್ವದ ಪ್ರಕಾರ ರುಮಣ್ವಂತ, ಸುಷೇಣ, ವಸು, ವಿಶ್ವಾವಸು ಎಂಬ ಹಿರಿಯ ಮಕ್ಕಳು ತಂದೆಯ ಆಜ್ಞೆ ನಡೆಸದೆ ಶಾಪ ಹೊತ್ತು ಮೃಗಪಕ್ಷಿಗಳಂತೆ ಮಂಕಾದರು. ಪರಶುರಾಮ ಕಡಿದು, ಅನಂತರ ತಾಯಿ ಬದುಕಲಿ, ಅವಳಿಗೆ ಆದದ್ದು ನೆನಪಿರದಿರಲಿ ಎಂದು ವರ ಬೇಡಿದ. ಅಣ್ಣಂದಿರ ಮಂಕನ್ನೂ ಬಿಡಿಸಿಕೊಂಡ. ಹರದೇಶಿಗೆ ಅವನು ಆಜ್ಞಾಧಾರಕ, ನಾಗೇಶಿಗೆ ತಾಯಿಯನ್ನು ಮರಳಿ ಪಡೆದ ಮಗ. ಆಜ್ಞೆ ನಡೆಸದ ನಾಲ್ವರು ಮಾತ್ರ ಯಾರ ಸೊಲ್ಲಿಗೂ ಹೊಂದುವುದಿಲ್ಲ: ತಂದೆಗೆ ವಿಧೇಯರಲ್ಲ, ತಾಯಿಯನ್ನು ಉಳಿಸಲೂ ಇಲ್ಲ. ಆ ಅಂಗಳದಲ್ಲಿ ಸ್ವಂತ ಇಚ್ಛೆಯಿಂದ ನಡೆದವರು ಅವರೇ. ಎರಡೇ ಪಕ್ಷದ ಹಾಡಿಕೆಯ ಮಿತಿ ಇಲ್ಲಿ ಕಾಣುತ್ತದೆ. ಹೆಚ್ಚು–ಕಡಿಮೆಯ ತಕ್ಕಡಿಯಲ್ಲಿ ನಿರಾಕರಣೆಗೆ ತಟ್ಟೆಯಿಲ್ಲ.

ನಾಗೇಶಿಯಲ್ಲಿ ಸ್ತ್ರೀವಾದದ ಬೇರು ಕಾಣುವವರ ಓದು ಇತ್ತೀಚೆಗೆ ಬೆಳೆದಿದೆ. ನಾಗೇಶಿಯ ವಾದ ಹೆಚ್ಚು ಬಿಗಿಯಾದದ್ದು ನಿಜ. ಆದರೆ ಹಾಡುಗಾರ್ತಿಯ ಬಾಯಲ್ಲಿ ಬರುವ ಅನೇಕ ಹಾಡುಗಳನ್ನು ಕಟ್ಟಿದವರು ಗಂಡು ಕವಿಗಳು. ದೇವಿಯನ್ನು ಎತ್ತಿ ಹಿಡಿದ ರಾತ್ರಿಯೇ ಸಭೆಯ ಕುಚೋದ್ಯವನ್ನು ಎದುರಿಸಬೇಕಾದವಳು ಅವಳೇ. ಪಕ್ಷದ ವಿಜಯವನ್ನು ಹಾಡುಗಾರ್ತಿಯ ಸ್ವಾತಂತ್ರ್ಯವೆಂದು ಓದುವುದು ಪಾತ್ರ ಮತ್ತು ಪಾತ್ರಧಾರಿಯನ್ನು ಒಂದು ಮಾಡಿದಂತೆ. ಇದೇ ತಪ್ಪಿನ ಇನ್ನೊಂದು ಮುಖ, ಹಲಸಂಗಿ ಖಾಜಾಭಾಯಿಯಂಥ ಮುಸ್ಲಿಂ ಲಾವಣಿಕಾರರನ್ನು ಬರೀ ಸೌಹಾರ್ದದ ನಿದರ್ಶನವಾಗಿ ಮೆರೆಸುವುದು. ಹಾಡಿಕೆಯ ಲೋಕದಲ್ಲಿ ಪುರಾಣ ಬಲ್ಲವನಿಗೆ ಬೆಲೆ. ಖಾಜಾಭಾಯಿಯ ಹೆಸರು ನಿಂತದ್ದು ಲಾವಣಿಯ ಕಸುಬಿನ ಮೇಲೆ.

ಜನಪದ ಹಾಡುಗಳನ್ನು ಕೂಡಿಸಿದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನ ಹೊರತಂದ ಮೇಲೆ ಜನಪದದ ಹೆಣ್ಣು ಎಂದರೆ ಬೀಸುಕಲ್ಲಿನ ಮುಂದಿನ ಗರತಿ ಎಂಬ ಚಿತ್ರ ಓದುಗರಲ್ಲಿ ನೆಲೆಯಾಯಿತು. ಆ ಗೆಳೆಯರು ಲಾವಣಿಗಳನ್ನೂ ಕೂಡಿಸಿದರು, ಆದರೆ ವಿಮರ್ಶೆಯ ಪ್ರೀತಿ ಗರತಿಗೇ ಸಂದಿತು. ಬಯಲಲ್ಲಿ ನಿಂತು ತರ್ಕ ಮಾಡುವ ನಾಗೇಶಿಯವಳು ಆ ಚಿತ್ರಕ್ಕೆ ಒಗ್ಗಲಿಲ್ಲ.

ಬೆಳಗಿನ ಮಂಗಳದ ಹೊತ್ತಿಗೆ ‘ಇಬ್ಬರೂ ಒಂದೇ’ ಎಂದು ಕೈಮುಗಿಯುವ ರೂಢಿಯನ್ನೇ ಹಾಡಿಕೆಯ ಸಾರವೆಂದು ಎತ್ತಿ ತೋರಿಸುವುದುಂಟು. ಅದು ಸಭೆಯನ್ನು ಜಗಳವಿಲ್ಲದೆ ಮನೆಗೆ ಕಳಿಸುವ ಉಪಾಯ. ರಾತ್ರಿಯ ಯಾವ ಸವಾಲಿಗೂ ಅದು ಜವಾಬಲ್ಲ. ಮುದ್ರಿತ ಸಂಕಲನಗಳೂ ಇದೇ ಅನ್ಯಾಯಕ್ಕೆ ಎಡೆಮಾಡುತ್ತವೆ. ಹರದೇಶಿ ಹಾಡುಗಳು ಒಂದೆಡೆ, ನಾಗೇಶಿ ಹಾಡುಗಳು ಇನ್ನೊಂದೆಡೆ ಅಚ್ಚಾದರೆ ಯಾವ ಸವಾಲಿಗೆ ಯಾವ ಜವಾಬು ಬಂತು, ಯಾವ ಸೊಲ್ಲಿಗೆ ಎದುರಿನ ಮೇಳ ತಡವರಿಸಿತು ಎಂಬುದು ಪುಟದ ಹೊರಗೆ ಉಳಿಯುತ್ತದೆ. ಒಂದು ರಾತ್ರಿಯ ಹಾಡಿಕೆಯನ್ನು ಮೊದಲ ಸೊಲ್ಲಿನಿಂದ ಮಂಗಳದವರೆಗೆ, ನಡೆದ ಕ್ರಮದಲ್ಲೇ ಬರೆದು ಅಚ್ಚುಹಾಕಿದರೆ ವಾದದ ಹೆಣಿಗೆ ಓದುಗನ ಕಣ್ಣಿಗೆ ಬೀಳುತ್ತದೆ.