ಅಪರಾಧಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ: ಹಲಸೂರನ್ನು ನಿದರ್ಶನವಾಗಿಟ್ಟುಕೊಂಡು ಒಂದು ವಿಮರ್ಶೆ

ಅಪರಾಧವನ್ನು ಕುರಿತ ಶಾಸ್ತ್ರವು ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಸ್ವತಂತ್ರ ವಿಷಯವಾಗಿ ನೆಲೆಗೊಂಡು ಅರವತ್ತಕ್ಕೂ ಹೆಚ್ಚು ವರ್ಷಗಳು ಸಂದಿವೆ. ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾನಿಲಯದಲ್ಲಿ 1959ರಲ್ಲಿ ಇದಕ್ಕಾಗಿಯೇ ಒಂದು ವಿಭಾಗವು ಆರಂಭವಾಯಿತು. ಅದಕ್ಕೂ ಮುಂಚೆ, 1936ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಟಾಟಾ ಸಮಾಜವಿಜ್ಞಾನ ಸಂಸ್ಥೆಯು ಅಪರಾಧಿಗಳ ಸುಧಾರಣೆಯ ವಿಷಯವನ್ನು ಸಮಾಜಸೇವೆಯ ಶಿಕ್ಷಣದೊಡನೆ ಸೇರಿಸಿಕೊಂಡಿದ್ದಿತು. ನಮ್ಮ ನಾಡಿನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಅಪರಾಧಶಾಸ್ತ್ರವನ್ನೂ ನ್ಯಾಯವಿಜ್ಞಾನವನ್ನೂ ಒಂದೇ ವಿಭಾಗದಡಿಯಲ್ಲಿಟ್ಟು ಸ್ನಾತಕೋತ್ತರ ಪದವಿಯವರೆಗೆ ಬೋಧಿಸುತ್ತಿದೆ. ಈ ವ್ಯಾಸಂಗದ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ವಿಮರ್ಶಿಸಲು ಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಯಾವುದು ಅಪರಾಧ, ಯಾರು ಅಪರಾಧಿ ಎಂಬ ನಿರ್ಣಯಗಳು ಕಾಲದೇಶಗಳಿಗೆ ತಕ್ಕಂತೆ ಬದಲಾಗುತ್ತ ಬಂದಿರುವಾಗ, ಆ ಬದಲಾವಣೆಯ ವಿಚಾರವು ಇತಿಹಾಸದ ಕ್ಷೇತ್ರಕ್ಕೆ ಸೇರಿದ್ದೇ ಆಗಿದೆ.

ಸಾಮಾನ್ಯವಾಗಿ ಎಲ್ಲ ಕಡೆಗಳಲ್ಲಿಯೂ ಪಾಠಪಟ್ಟಿಯ ಜಾಡು ಒಂದೇ. 1764ರಲ್ಲಿ ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತು ಬರೆದ ಇಟಲಿಯ ಬೆಕ್ಕಾರಿಯನಿಂದ ಆರಂಭ, ಅಲ್ಲಿಂದ ಬೆಂಥಾಮ್, 1876ರಲ್ಲಿ ಹುಟ್ಟು ಅಪರಾಧಿಯ ತಲೆಬುರುಡೆಯನ್ನೂ ದವಡೆಯನ್ನೂ ಅಳೆಯಲು ಹೊರಟ ಲೊಂಬ್ರೋಸೊ, ಅನಂತರ ಫೆರ್ರಿ, ಗರೋಫಲೊ, ಕೊನೆಗೆ ಅಮೆರಿಕದ ಷಿಕಾಗೋ ಪಂಥ ಮತ್ತು ಸದರ್ಲೆಂಡ್. ಈ ಮಹನೀಯರ ವಿಚಾರಗಳನ್ನು ಓದಬಾರದೆಂದು ನಾವು ಹೇಳುವವರಲ್ಲ. ನಮ್ಮ ಆಕ್ಷೇಪಣೆಯು ಬೇರೆ. ಈ ಪರಂಪರೆಯು ಯೂರೋಪಿನಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ಪಕ್ವವಾದ ಮೇಲೆ ಭಾರತಕ್ಕೆ ಬಂದಿತೆಂಬ ಭಾವನೆಯನ್ನು ಪಾಠಪಟ್ಟಿಯು ವಿದ್ಯಾರ್ಥಿಯ ಮನಸ್ಸಿನಲ್ಲಿ ಬಿತ್ತುತ್ತದೆ. ಇದು ಸತ್ಯಕ್ಕೆ ದೂರ. ಲೊಂಬ್ರೋಸೊವಿನ ಗ್ರಂಥವು ಪ್ರಕಟವಾಗುವುದಕ್ಕೆ ಐದು ವರ್ಷ ಮೊದಲೇ, ಅಂದರೆ 1871ರಲ್ಲಿ, ಭಾರತ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಜಾರಿಗೆ ತಂದು, ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ದಾಖಲೆ ಮಾಡುವ ಪದ್ಧತಿಯನ್ನು ಆರಂಭಿಸಿದ್ದಿತು. ಬೆರಳಚ್ಚಿನ ವರ್ಗೀಕರಣವು ಲಂಡನ್ನಿನಲ್ಲಿ ಅಲ್ಲ, ಕಲ್ಕತ್ತೆಯಲ್ಲಿ ಸಿದ್ಧವಾಯಿತು; 1897ರಲ್ಲಿ ಅಲ್ಲಿ ಸ್ಥಾಪಿತವಾದ ಬೆರಳಚ್ಚು ಕಾರ್ಯಾಲಯದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ಅಧಿಕಾರಿಗಳ ಪರಿಶ್ರಮವಿದ್ದಿತು. ಆದರೆ ಆ ಪದ್ಧತಿಗೆ ಹೆಸರು ಬಂದುದು ಅವರ ಮೇಲಧಿಕಾರಿ ಹೆನ್ರಿಯದು. ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ನನು ಜಾತಿಗಳ ಮೂಗು, ತಲೆಗಳನ್ನು ಅಳೆದುದಲ್ಲದೆ ಆ ವಿದ್ಯೆಯನ್ನು ಪೋಲೀಸು ಅಧಿಕಾರಿಗಳಿಗೂ ಕಲಿಸಿದನು. ಹೀಗಿರಲು, ಭಾರತವನ್ನು ಸಿದ್ಧಾಂತದ ಪ್ರಯೋಗಶಾಲೆಯೆಂದು ಕರೆದರೆ ಅತಿಶಯೋಕ್ತಿಯಾಗದು. ಪಾಠಪಟ್ಟಿಯಲ್ಲಾದರೋ ಅದು ಸಿದ್ಧಾಂತವನ್ನು ಅನ್ವಯಿಸುವ ಕಟ್ಟಕಡೆಯ ಅಧ್ಯಾಯವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ.

ಧಾರವಾಡದ ವಿದ್ಯಾರ್ಥಿಗಳ ಮಟ್ಟಿಗೆ ಈ ಕೊರತೆಯು ಇನ್ನಷ್ಟು ಎದ್ದು ತೋರುತ್ತದೆ. ಅಲ್ಲಿಂದ ಸುಮಾರು 20 ಕಿಲೋಮೀಟರುಗಳ ಅಂತರದಲ್ಲಿರುವ ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರಿನ ಬಡಾವಣೆಯೊಂದು ಇಂದಿಗೂ ಉಂಟು. 1911ರ ಕಾಯಿದೆಯು ಮುಂಬಯಿ ಮತ್ತು ಮದರಾಸು ಆಧಿಪತ್ಯಗಳಿಗೆ ವಿಸ್ತರಿಸಿದ ಕಾಲದಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಮುಳ್ಳುತಂತಿಯೊಳಗೆ ಕುಟುಂಬಗಳನ್ನಿಟ್ಟು, ಹಾಜರಿ ತೆಗೆದುಕೊಂಡು, ಕಾರ್ಖಾನೆಗಳಿಗೂ ರೈಲ್ವೆಗೂ ಕೂಲಿಗಳಾಗಿ ಕಳುಹಿಸಿದ ವ್ಯವಸ್ಥೆಯ ಅವಶೇಷವದು. ಸ್ವಾತಂತ್ರ್ಯ ಬಂದ ಐದು ವರ್ಷಗಳ ತರುವಾಯ, 1952ರಲ್ಲಿ, ಕಾಯಿದೆ ರದ್ದಾಯಿತು. ಆದರೆ ಅದರ ಸ್ಥಾನದಲ್ಲಿ ರೂಢಿಗತ ಅಪರಾಧಿಗಳ ಕಾನೂನುಗಳು ಬಂದುವು. ಮೈಸೂರು ರಾಜ್ಯದ್ದು 1961ರಲ್ಲಿ ಬಂದಿತು. 2024ರ ಅಕ್ಟೋಬರ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸುಕನ್ಯಾ ಶಾಂತಾ ಎಂಬವರ ಅರ್ಜಿಯ ತೀರ್ಪಿನಲ್ಲಿ, ಕಾರಾಗೃಹಗಳ ನಿಯಮಾವಳಿಗಳೊಳಗೆ ಉಳಿದಿದ್ದ ಜಾತಿಭೇದವನ್ನೂ ಅಲೆಮಾರಿ ಬುಡಕಟ್ಟುಗಳನ್ನು ಕುರಿತ ಹಳೆಯ ಕಳಂಕವನ್ನೂ ಸಂವಿಧಾನಬಾಹಿರವೆಂದು ಸಾರಬೇಕಾಯಿತು. ಲೊಂಬ್ರೋಸೊ ತಪ್ಪಿದನೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವ ವಿದ್ಯಾರ್ಥಿಗೆ, ಆ ತಪ್ಪು ತನ್ನ ನೆರೆಯ ಊರಿನಲ್ಲಿ ಕಾನೂನಾಗಿ ನಡೆದು ಮೂರು ತಲೆಮಾರುಗಳನ್ನು ಹಿಡಿದಿಟ್ಟಿದ್ದಿತೆಂಬುದು ತಿಳಿಯದೆ ಹೋದರೆ, ಆ ವ್ಯಾಸಂಗಕ್ಕೆ ಸ್ನಾತಕೋತ್ತರವೆಂಬ ವಿಶೇಷಣವು ಹೇಗೆ ಸಲ್ಲುತ್ತದೆ?

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ನಗರದಲ್ಲಿನ ಅಪರಾಧವನ್ನು ಅಭ್ಯಸಿಸುವ ಎಲ್ಲರಿಗೂ ಬರ್ಜೆಸ್ಸನು 1925ರಲ್ಲಿ ರೂಪಿಸಿದ ವಲಯಸಿದ್ಧಾಂತವು ಸುಪರಿಚಿತ. ಷಿಕಾಗೋ ನಗರವು ಒಂದು ವ್ಯಾಪಾರಕೇಂದ್ರದಿಂದ ಉಂಗುರಗಳಂತೆ ಹೊರಕ್ಕೆ ಬೆಳೆಯಿತು. ಕೇಂದ್ರಕ್ಕೆ ಹೊಂದಿಕೊಂಡ ಸಂಕ್ರಮಣವಲಯದಲ್ಲಿ ಹೊಸದಾಗಿ ಬಂದ ಬಡಜನರು ನೆಲಸುವರು. ಬಾಲಾಪರಾಧವು ಅಲ್ಲಿಯೇ ಹೆಚ್ಚು. ಹೊರಕ್ಕೆ ಹೋದಂತೆ ಕಡಮೆ. ಷಾ ಮತ್ತು ಮೆಕ್ಕೇ ಇದನ್ನು ನ್ಯಾಯಾಲಯದ ಅಂಕಿಗಳಿಂದ ಸಮರ್ಥಿಸಿ 1942ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ನಮ್ಮ ವಿದ್ಯಾರ್ಥಿಗಳು ಬೆಂಗಳೂರಿನ ಮೇಲೆ ಪ್ರಬಂಧ ಬರೆಯುವಾಗ ಈ ಉಂಗುರಗಳನ್ನೇ ನಗರದ ನಕ್ಷೆಯ ಮೇಲೆ ಎಳೆಯಲು ಪ್ರಯತ್ನಿಸುವುದುಂಟು.

ಹಲಸೂರಿಗೆ ಬಂದೊಡನೆ ಉಂಗುರವು ಮುರಿಯುತ್ತದೆ. ಬೆಂಗಳೂರಿಗೆ ಒಂದಲ್ಲ, ಎರಡು ಕೇಂದ್ರಗಳು. ಒಂದು ಕೆಂಪೇಗೌಡನ ಪೇಟೆ. ಇನ್ನೊಂದು 1809ರಲ್ಲಿ ಶ್ರೀರಂಗಪಟ್ಟಣದ ಸೇನೆಯು ಬಂದು ನೆಲಸಿದ ದಂಡುಪ್ರದೇಶ. ಸೋಮೇಶ್ವರ ದೇವಾಲಯವೂ ಕೆರೆಯೂ ಇದ್ದ ಹಲಸೂರು ದಂಡಿಗಿಂತ ಹಳೆಯ ಗ್ರಾಮ. ಆದರೆ ದಂಡು ಬಂದ ಮೇಲೆ ಅದು ಸೇನೆಯ ಬಜಾರಾಗಿ ಮಾರ್ಪಟ್ಟಿತು. ಸಿಪಾಯಿಗಳನ್ನು ಹಿಂಬಾಲಿಸಿ ಬಂದ ತಮಿಳು ಮಾತಿನ ವರ್ತಕರು, ಕುಶಲಕರ್ಮಿಗಳು, ಮನೆಗೆಲಸದವರು ಅಲ್ಲಿ ನೆಲೆ ನಿಂತರು. ಅದು ಕೇಂದ್ರದ ಸುತ್ತ ಬೆಳೆದ ಉಂಗುರವೂ ಅಲ್ಲ, ಹೊರವಲಯವೂ ಅಲ್ಲ. ಒಂದು ಹಳ್ಳಿಯನ್ನು ಸೇನೆಯು ಮಡಿಲಿಗೆ ಹಾಕಿಕೊಂಡಂತಾದ ಸ್ಥಿತಿ.

ಇದಕ್ಕಿಂತಲೂ ಗಹನವಾದ ಸಂಗತಿಯು ಕಾನೂನಿನದು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದಾಗ ದಂಡುಪ್ರದೇಶವನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದು ಬೇರ್ಪಡಿಸಿ ರೆಸಿಡೆಂಟರ ಆಡಳಿತಕ್ಕೆ ಒಪ್ಪಿಸಲಾಯಿತು. ನೆಲದ ಒಡೆತನವು ಮಹಾರಾಜರದು, ಅಧಿಕಾರವು ಬ್ರಿಟಿಷರದು. ಅದು ಬ್ರಿಟಿಷ್ ಇಂಡಿಯವೂ ಅಲ್ಲ, ವ್ಯವಹಾರದಲ್ಲಿ ಮೈಸೂರೂ ಅಲ್ಲ. ಪೇಟೆಯ ಮೊಕದ್ದಮೆಯು ಮೇಲ್ಮನವಿಗೆ 1884ರಲ್ಲಿ ಸ್ಥಾಪಿತವಾದ ಮೈಸೂರಿನ ಚೀಫ್ ಕೋರ್ಟಿಗೆ ಹೋಗುತ್ತಿದ್ದರೆ, ಹಲಸೂರಿನ ಮೊಕದ್ದಮೆಗೆ ರೆಸಿಡೆಂಟರ ನ್ಯಾಯಾಲಯವೇ ಉಚ್ಚ ನ್ಯಾಯಾಲಯ. ಪೋಲೀಸು ಪಡೆಗಳೂ ಎರಡು. ಪೇಟೆಯಲ್ಲಿ ಕಳವು ಮಾಡಿದವನು ಕಬ್ಬನ್ ಉದ್ಯಾನವನ್ನು ದಾಟಿ ಹಲಸೂರಿನ ಬಜಾರನ್ನು ಸೇರಿದನೆಂದರೆ ಒಂದು ಸರ್ಕಾರದ ಎಲ್ಲೆಯಿಂದ ಇನ್ನೊಂದು ಸರ್ಕಾರದ ಎಲ್ಲೆಗೆ ದಾಟಿದಂತೆಯೇ. ಈ ಸ್ಥಿತಿಯು 1947ರ ಜುಲೈ 26ರಂದು ಸ್ಟೇಷನ್ನು ಮೈಸೂರಿಗೆ ಮರಳಿ ಸೇರುವವರೆಗೂ, ಅರವತ್ತಾರು ವರ್ಷಗಳ ಕಾಲ, ನಡೆಯಿತು. ಎರಡು ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದುದು 1949ರಲ್ಲಿ. ನಗರಕ್ಕೆ ಪೋಲೀಸು ಕಮಿಷನರರ ವ್ಯವಸ್ಥೆಯು ಬಂದುದು 1963ರಲ್ಲಿ.

ಅಂಕಿಗಳ ಮೇಲೆ ನಿಲ್ಲುವ ಶಾಸ್ತ್ರಕ್ಕೆ ಇದರಿಂದ ಒದಗುವ ತೊಡಕು ಸಾಮಾನ್ಯವಾದುದಲ್ಲ. 1947ಕ್ಕೆ ಹಿಂದಿನ ಮೈಸೂರು ಆಡಳಿತ ವರದಿಗಳಲ್ಲಿ ಹಲಸೂರಿನ ಅಪರಾಧವು ಸೇರಿಲ್ಲ. ಅದಕ್ಕೆ ಸ್ಟೇಷನ್ನಿನದೇ ಪ್ರತ್ಯೇಕ ವಾರ್ಷಿಕ ವರದಿಗಳಿದ್ದುವು. ಈ ಎಚ್ಚರವಿಲ್ಲದೆ ಬೆಂಗಳೂರಿನ ಅಪರಾಧದ ರೇಖೆಯನ್ನು ಎಳೆದವರಿಗೆ ಸ್ವಾತಂತ್ರ್ಯೋತ್ತರ ವರ್ಷಗಳಲ್ಲಿ ಅದು ಮೇಲೇರಿದಂತೆ ಕಂಡೀತು. ಏರಿದುದು ಅಪರಾಧವಲ್ಲ, ಎಲ್ಲೆಯ ಕಲ್ಲು. ಇಡೀ ಕರ್ನಾಟಕವನ್ನು ತೆಗೆದುಕೊಂಡರೆ ತೊಡಕು ಇನ್ನೂ ಹೆಚ್ಚುತ್ತದೆ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳ ಬೇರೆಬೇರೆ ಪೋಲೀಸು ಪದ್ಧತಿಗಳಡಿಯಲ್ಲಿದ್ದವರು. ಬಳ್ಳಾರಿಯ ಅಂಕಿಗೂ ಕಲಬುರಗಿಯ ಅಂಕಿಗೂ ಒಂದೇ ಕೋಷ್ಟಕದಲ್ಲಿ ಜಾಗ ಕೊಡುವ ಮೊದಲು ಅವುಗಳನ್ನು ಯಾವ ಕಾಯಿದೆಯಡಿಯಲ್ಲಿ, ಯಾರು, ಯಾವ ಉದ್ದೇಶದಿಂದ ಎಣಿಸಿದರೆಂಬುದನ್ನು ಕೇಳಬೇಕಾಗುತ್ತದೆ.

ಹೆಸರುಗಳೂ ದಾರಿ ತಪ್ಪಿಸುವುದುಂಟು. ಹಲಸೂರು ಗೇಟ್ ಪೋಲೀಸು ಠಾಣೆಯು ಹಲಸೂರಿನಲ್ಲಿಲ್ಲ. ಅದು ಪೇಟೆಯ ಮಗ್ಗುಲಿನಲ್ಲಿದೆ. ಹಲಸೂರಿನ ಕಡೆಗೆ ತೆರೆಯುತ್ತಿದ್ದ ಕೋಟೆಬಾಗಿಲಿನ ಹೆಸರು ಠಾಣೆಗೆ ಅಂಟಿಕೊಂಡಿದೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೇನೆಯು ಪೇಟೆಯೊಳಕ್ಕೆ ನುಗ್ಗಿದ್ದು ಆ ಬಾಗಿಲಿನಿಂದಲೇ. ನಗರವನ್ನು ಬಲ್ಲವರಿಗೆ ಇದು ತಮಾಷೆಯ ಮಾತಾದರೂ, ಠಾಣಾವಾರು ಅಂಕಿಗಳನ್ನು ದೂರದಲ್ಲಿ ಕುಳಿತು ಓದುವವರಿಗೆ ಎರಡು ಹಲಸೂರುಗಳು ಒಂದಾಗಿಬಿಡುವ ಅಪಾಯವಿದೆ.

ದಂಡುಪ್ರದೇಶವು ಅಪರಾಧದ ವ್ಯಾಖ್ಯೆಯನ್ನೇ ತನ್ನ ಅಗತ್ಯಕ್ಕೆ ಅನುಗುಣವಾಗಿ ರಚಿಸಿಕೊಂಡಿತೆಂಬುದನ್ನೂ ಇಲ್ಲಿ ಗಮನಿಸಬೇಕು. 1864ರ ಕಂಟೋನ್ಮೆಂಟ್ ಕಾಯಿದೆಯೂ 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಸಿಪಾಯಿಗಳ ಆರೋಗ್ಯರಕ್ಷಣೆಯ ಹೆಸರಿನಲ್ಲಿ ಬಜಾರಿನ ಬಡ ಹೆಂಗಸರನ್ನು ಪಟ್ಟಿಗೆ ಸೇರಿಸಿ, ಬಲಾತ್ಕಾರವಾಗಿ ಪರೀಕ್ಷಿಸಿ, ‘ಲಾಕ್ ಆಸ್ಪತ್ರೆ’ಗಳಲ್ಲಿ ಕೂಡಿಡಲು ಅವಕಾಶ ಕೊಟ್ಟುವು. ಬೆಂಗಳೂರಿನ ದಂಡಿನಲ್ಲಿಯೂ ಅಂತಹ ಆಸ್ಪತ್ರೆಯಿದ್ದಿತು. ರೋಗವು ಇಬ್ಬರದು, ದಾಖಲೆಯು ಒಬ್ಬಳದು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಒತ್ತಾಯದಿಂದ ಈ ವ್ಯವಸ್ಥೆಯು ಹಿಂದೆಗೆಯಿತು. ಬಲಿಪಶುಗಳನ್ನು ಕುರಿತ ಅಧ್ಯಯನವೆಂದು ಈಚೆಗೆ ಪಾಠಪಟ್ಟಿಗೆ ಸೇರಿರುವ ಶಾಖೆಗೆ ಇದಕ್ಕಿಂತ ಹತ್ತಿರದ ನಿದರ್ಶನವು ದೊರೆಯಲಾರದು.

ದಾಖಲೆಯ ಭಾಷೆಯನ್ನು ಕುರಿತು ಒಂದೆರಡು ಮಾತು. ಹಲಸೂರಿನ ದೂರುದಾರನು ತಮಿಳಿನಲ್ಲೋ ದಖನಿ ಉರ್ದುವಿನಲ್ಲೋ ಹೇಳುವುದನ್ನು ಠಾಣೆಯು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಆ ಕನ್ನಡದಲ್ಲಿಯೂ ಮಹಜರು, ಪಂಚನಾಮೆ, ಜಾಮೀನು, ಫಿರ್ಯಾದಿ ಎಂಬ ಮಾತುಗಳು ಫಾರಸಿ ಆಡಳಿತದಿಂದ ಬಂದುವು. ಪ್ರೌಢ ಪ್ರಬಂಧವನ್ನು ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಎರಡು ಸಲ ಭಾಷೆ ಬದಲಿಸಿದ ಹೇಳಿಕೆಯನ್ನು ಮೂಲ ಸಾಕ್ಷ್ಯವೆಂದು ಎಣಿಸುವುದು ಇತಿಹಾಸದ ವಿದ್ಯಾರ್ಥಿಗೆ ದುಸ್ಸಾಧ್ಯ. ಮದರಾಸು ಪ್ರಾಂತದ ಪೋಲೀಸರು ಇಂಗ್ಲಿಷಿನ ಎರಡು ಮೊದಲಕ್ಷರಗಳಿಂದ ‘ಕೆ.ಡಿ.’ ಎಂದು ಗುರುತಿಸುತ್ತಿದ್ದ ಪಟ್ಟಿಯ ಆಸಾಮಿಯು ದಕ್ಷಿಣದ ಜನರ ಬಾಯಲ್ಲಿ ‘ಕೇಡಿ’ಯಾದನು. ಕೇಡನ್ನು ಮಾಡುವವನು ಕೇಡಿಯೆಂಬ ಅಚ್ಚಗನ್ನಡ ಮಾತು ಮೊದಲೇ ಇದ್ದುದರಿಂದ, ಪೋಲೀಸು ದಾಖಲೆಯ ಗುರುತೊಂದು ವ್ಯಕ್ತಿಯ ಸ್ವಭಾವದ ವರ್ಣನೆಯಂತೆ ಕೇಳಿಸತೊಡಗಿತು. ಇಂದಿನ ರೌಡಿಪಟ್ಟಿಯನ್ನು ಅಭ್ಯಸಿಸುವವರು ಈ ಪದದ ಚರಿತ್ರೆಯಿಂದ ಆರಂಭಿಸಿದರೆ ಅನುಚಿತವಾಗದು.

ಮೆಡೋಸ್ ಟೇಲರನ ವಿಷಯವನ್ನು ಇಲ್ಲಿ ಸೂಚಿಸಿ ಮುಂದುವರಿಯುತ್ತೇವೆ. ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಆತನು 1839ರಲ್ಲಿ ಪ್ರಕಟಿಸಿದ ಠಕ್ಕನ ಕಥೆಯು ಯೂರೋಪಿನ ಕಲ್ಪನೆಯನ್ನು ಸೂರೆಗೊಂಡಿತು. ಅದು ಕಾದಂಬರಿ. ಠಕ್ಕರ ವಿಷಯದಲ್ಲಿ ರಾಧಿಕಾ ಸಿಂಘಾ, ಕಿಮ್ ವಾಗ್ನರ್ ಮೊದಲಾದ ಇತಿಹಾಸಕಾರರ ಪರಿಶೋಧನೆಗಳನ್ನು ಓದದೆ ಕಾದಂಬರಿಯ ಠಕ್ಕನನ್ನು ಸಂಘಟಿತ ಅಪರಾಧದ ಪೂರ್ವಜನೆಂದು ಬೋಧಿಸುವುದು ಸರಿಯಲ್ಲ.

ಈ ವಿಮರ್ಶೆಯನ್ನು ಈಗಲೇ ಮಾಡಬೇಕಾದುದಕ್ಕೆ ಕಾರಣವುಂಟು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಶಿಕ್ಷೆಯುಳ್ಳ ಅಪರಾಧಗಳಲ್ಲಿ ನ್ಯಾಯವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸುತ್ತದೆ. 2020ರ ಅಧಿನಿಯಮದಿಂದ ಸ್ಥಾಪಿತವಾದ ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾನಿಲಯಕ್ಕೆ ಧಾರವಾಡದಲ್ಲಿಯೂ ಶಾಖೆಯಿದೆ. ತಜ್ಞರ ಅಗತ್ಯವು ಬೆಳೆಯುವುದು ನಿಶ್ಚಯ. ವಿದ್ಯಾರ್ಥಿಗಳು ಉದ್ಯೋಗವಿರುವ ಕಡೆಗೆ ಹರಿಯುವುದೂ ಸಹಜ. ರಕ್ತದ ಕಲೆಯನ್ನೂ ಗುಂಡಿನ ಗುರುತನ್ನೂ ಓದಬಲ್ಲವರು ನಾಡಿಗೆ ಬೇಕು. ಆದರೆ ಒಂದೇ ವಿಭಾಗದೊಳಗೆ ಎರಡು ವಿದ್ಯೆಗಳಿರುವಾಗ ಪ್ರಯೋಗಶಾಲೆಗೆ ಹಣವೂ ಕೊಠಡಿಯೂ ದೊರೆತು, ಅಪರಾಧದ ಸಾಮಾಜಿಕ ವಿಚಾರವು ಮೊದಲ ಸೆಮಿಸ್ಟರಿನ ಒಂದು ಪತ್ರಿಕೆಗೆ ಕುಗ್ಗುವ ಭಯವಿದೆ. ಪ್ರಯೋಗಶಾಲೆಯು ಈ ಕೈಬೆರಳು ಯಾರದೆಂದು ಹೇಳಬಲ್ಲದು. ಆ ಬೆರಳಚ್ಚು ದಾಖಲೆಗೆ ಮೊದಲೇ ಏಕೆ ಸೇರಿದ್ದಿತೆಂಬುದನ್ನು ಹೇಳಲಾರದು.

ಆದುದರಿಂದ ನಮ್ಮ ಸೂಚನೆಯು ಪರಿಮಿತವಾದುದು. ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲು ಒಂದು ಠಾಣೆಯ ಎಲ್ಲೆಗಳ ಚರಿತ್ರೆಯನ್ನು ಮೂಲ ದಾಖಲೆಗಳಿಂದ ಬರೆಯಬೇಕು. ಹಲಸೂರನ್ನೇ ಆರಿಸಿಕೊಂಡವರಿಗೆ ಸಾಮಗ್ರಿಯು ಹೇರಳವಾಗಿದೆ: ಮೈಸೂರು ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಒಂದು ಭಾಗವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಸಂಸ್ಥಾನದ ಕಾಗದಪತ್ರಗಳಿಗಾಗಿ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರವನ್ನು ನೋಡಬಹುದು. ಹೀಗೆ ಬರೆದ ಚರಿತ್ರೆಯನ್ನು ಕನ್ನಡದಲ್ಲಿಯೂ ಸಲ್ಲಿಸಲು ಅವಕಾಶವಿರಬೇಕು. ಅದರ ಒಂದು ಪ್ರತಿಯನ್ನು ಆ ಠಾಣೆಗೂ ಕಳುಹಿಸತಕ್ಕದ್ದು.