ಶುಶ್ರೂಷಾ ವೃತ್ತಿಯಲ್ಲಿ ಪುರುಷರು: ಎಂಬತ್ತು–ಇಪ್ಪತ್ತರ ನಿಯಮದ ವಿಮರ್ಶೆ

ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ, ಅಂದರೆ ಏಮ್ಸ್‌ಗಳ, ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ ಶೇ. 80ರಷ್ಟು ಮಹಿಳೆಯರಿಗೆ, ಶೇ. 20ರಷ್ಟು ಪುರುಷರಿಗೆ ಎಂದು 2019ರಲ್ಲಿ ತೀರ್ಮಾನವಾಯಿತು. ಈ ಹುದ್ದೆಗಳಿಗಾಗಿ ದೇಶದಾದ್ಯಂತ ನಡೆಯುವ ನಾರ್ಸೆಟ್ ಪರೀಕ್ಷೆಯನ್ನು ನರ್ಸಿಂಗ್ ಕಾಲೇಜುಗಳು ಹೇರಳವಾಗಿರುವ ಕರ್ನಾಟಕದ ಪದವೀಧರರೂ ಬರೆಯುವುದರಿಂದ ಈ ನಿಯಮ ಇಲ್ಲಿನ ಯುವಕರಿಗೂ ನೇರವಾಗಿ ತಟ್ಟುತ್ತದೆ. ಆದರೆ ನಿಯಮದ ಮೌಲ್ಯಮಾಪನವನ್ನು ಪುರುಷರು ಕಳೆದುಕೊಂಡ ಹುದ್ದೆಗಳ ಲೆಕ್ಕಕ್ಕೆ ಸೀಮಿತಗೊಳಿಸದೆ, ಅದು ಶುಶ್ರೂಷೆಯೆಂಬ ಕಾಯಕವನ್ನು ಹೇಗೆ ಕಾಣುತ್ತದೆ ಎಂಬುದನ್ನೂ ಪರಿಶೀಲಿಸಬೇಕಾಗಿದೆ.

ರೋಗಿಯ ಆರೈಕೆ ಹೆಣ್ಣಿನ ಸಹಜಗುಣ ಎಂಬ ನಂಬಿಕೆ ತೋರುವಷ್ಟು ಪುರಾತನವಾದುದಲ್ಲ. ಚರಕಸಂಹಿತೆಯು ವೈದ್ಯ, ಔಷಧ, ರೋಗಿ ಇವರೊಡನೆ ಪರಿಚಾರಕನನ್ನೂ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದೆಂದು ಪರಿಗಣಿಸಿ, ಅವನಲ್ಲಿ ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲಿನ ಅಕ್ಕರೆ ಮತ್ತು ಶುಚಿತ್ವ ಇರಬೇಕೆಂದು ಹೇಳುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ಶಾಲೆಯು ಶುಶ್ರೂಷೆಗೆ ಶಿಸ್ತುಬದ್ಧ ತರಬೇತಿಯನ್ನೂ ಗೌರವವನ್ನೂ ತಂದುಕೊಟ್ಟಿತಾದರೂ, ಅದೇ ಸುಧಾರಣೆಯ ಜೊತೆಯಲ್ಲಿ ಈ ವೃತ್ತಿ ಹೆಂಗಸರದೆಂಬ ಭಾವನೆಯೂ ಬೇರೂರಿತು. ಬ್ರಿಟನ್ನಿನ 1919ರ ನೋಂದಣಿ ಕಾನೂನು ಪುರುಷರನ್ನು ಪ್ರತ್ಯೇಕ ಪೂರಕ ಪಟ್ಟಿಗೆ ಸೇರಿಸಿತು. ಮುಖ್ಯ ಪಟ್ಟಿಯ ಬಾಗಿಲು ಅವರಿಗೆ ತೆರೆದದ್ದು 1949ರ ಕಾನೂನಿನಿಂದ. ಬ್ರಿಟಿಷ್ ಆಡಳಿತದಡಿ ರೂಪುಗೊಂಡ ಭಾರತದ ಸೇನಾ ಶುಶ್ರೂಷಾ ಸೇವೆಗೂ 1943ರ ಸುಗ್ರೀವಾಜ್ಞೆ ಮಹಿಳೆಯರನ್ನಷ್ಟೇ ಅರ್ಹರೆಂದಿತು.

ನಿಯಮದ ಪರವಾದ ವಾದಗಳಲ್ಲಿ ಹುರುಳಿದೆ. ಸಂವಿಧಾನದ 16ನೇ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಲಿಂಗಾಧಾರಿತ ತಾರತಮ್ಯವನ್ನು ನಿಷೇಧಿಸಿದರೂ, 15(3)ನೇ ವಿಧಿಯು ಮಹಿಳೆಯರಿಗಾಗಿ ವಿಶೇಷ ಏರ್ಪಾಡು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿದೆ. ಸಾಧಾರಣ ಕುಟುಂಬಗಳ ಹೆಣ್ಣುಮಕ್ಕಳಿಗೆ ತಲೆಯೆತ್ತಿ ದುಡಿಯುವ ದಾರಿ ತೋರಿಸಿದ ವೃತ್ತಿಗಳಲ್ಲಿ ನರ್ಸಿಂಗ್ ಮುಖ್ಯವಾದುದೆಂಬುದೂ ನಿಜ. ರೋಗಿಯಾಗಿ ಮಲಗಿದ ಮಹಿಳೆಯ ಸಂಕೋಚವನ್ನು ಗೌರವಿಸಲೇಬೇಕು. ಆದರೆ ಸಂಕೋಚ ಪುರುಷ ರೋಗಿಗೂ ಇರುತ್ತದೆ. ಮೂತ್ರನಾಳಕ್ಕೆ ಕೊಳವೆ ಅಳವಡಿಸುವಾಗ ಅವನ ಮನಸ್ಸನ್ನೂ ಕೇಳಬೇಕಾಗುತ್ತದೆ. ಪುರುಷ ಪ್ರಸೂತಿತಜ್ಞರು ರೋಗಿಯ ಒಪ್ಪಿಗೆ ಪಡೆದು, ಮಹಿಳಾ ಸಿಬ್ಬಂದಿಯೊಬ್ಬರ ಸಮ್ಮುಖದಲ್ಲಿ ಪರೀಕ್ಷಿಸುವ ಕ್ರಮ ಆಸ್ಪತ್ರೆಗಳಲ್ಲಿ ಮೊದಲಿನಿಂದಲೂ ಇದೆ. ವೈದ್ಯನಿಗೆ ಸಾಕಾಗುವ ಈ ಕ್ರಮ ನರ್ಸ್‌ಗೆ ಸಾಲದು ಎನ್ನುವುದಕ್ಕೆ ಆಧಾರವಿಲ್ಲ. ವಾರ್ಡಿನಲ್ಲಿ ಕೆಲಸ ಹಂಚುವಾಗ ಬಗೆಹರಿಸಬಹುದಾದ ಪ್ರಶ್ನೆಯನ್ನು ನೇಮಕದ ಹಂತದಲ್ಲೇ ತಡೆಗೋಡೆಯಾಗಿಸಿರುವುದು ನಿಯಮದ ಮೊದಲ ದೋಷ.

ಒಳಗೆ ಬಂದ ಪುರುಷರ ಬಳಕೆಯಲ್ಲೂ ಇದೇ ಧೋರಣೆ ಕಾಣುತ್ತದೆ. ತುರ್ತು ಚಿಕಿತ್ಸೆ, ಮೂಳೆ ಚಿಕಿತ್ಸೆ, ಮನೋರೋಗದ ವಾರ್ಡುಗಳಿಗೆ ಅವರನ್ನು ನಿಯೋಜಿಸುವಾಗ ಕಲಿತ ವಿದ್ಯೆಗಿಂತ ತೋಳ್ಬಲ ಮುಖ್ಯವಾಗುವುದುಂಟು. ಆದರೆ ಉದ್ವಿಗ್ನನಾದ ಮನೋರೋಗಿಯನ್ನು ಮಾತಿನಿಂದ ಶಾಂತಗೊಳಿಸುವುದು ತರಬೇತಿಯಿಂದ ಬರುವ ಕೌಶಲವೇ ಹೊರತು ಮೈಕಟ್ಟಿನಿಂದ ಬರುವುದಲ್ಲ. ಹೆಣ್ಣಿಗೆ ಮಮತೆ, ಗಂಡಿಗೆ ಬಲ ಎಂದು ಹಂಚಿಕೊಟ್ಟ ಕಡೆ ಇಬ್ಬರ ವಿದ್ಯೆಯೂ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಪುರುಷರ ಪ್ರವೇಶವನ್ನು ಬೆಂಬಲಿಸುವವರು ಗಮನಿಸಲೇಬೇಕಾದ ಆಕ್ಷೇಪವೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ ಅವರು ನರ್ಸಿಂಗ್, ಪ್ರಾಥಮಿಕ ಶಿಕ್ಷಣ, ಗ್ರಂಥಾಲಯ, ಸಮಾಜಕಾರ್ಯ ಈ ನಾಲ್ಕು ವೃತ್ತಿಗಳನ್ನು ಅಧ್ಯಯನ ಮಾಡಿ, ಮಹಿಳೆಯರೇ ಹೆಚ್ಚಿರುವಲ್ಲಿ ಪುರುಷರು ಬೇಗ ಮೇಲಿನ ಹುದ್ದೆಗೇರುವ ಪ್ರವೃತ್ತಿಯನ್ನು 1992ರಲ್ಲಿ ‘ಗಾಜಿನ ಎಸ್ಕಲೇಟರ್’ ಎಂದು ಕರೆದರು. ಅಂದರೆ ಏರುವವನ ಶ್ರಮವಿಲ್ಲದೆಯೂ ಅವನನ್ನು ಮೇಲಕ್ಕೊಯ್ಯುವ, ಕಣ್ಣಿಗೆ ಕಾಣದ ಅನುಕೂಲ. ಈ ಅಪಾಯವನ್ನು ತಡೆಯಬೇಕಾದ ಜಾಗ ಬಡ್ತಿಯ ಹಂತ. ಎಂಬತ್ತು–ಇಪ್ಪತ್ತರ ನಿಯಮ ಹೊಸಬರನ್ನು ಎಣಿಸುತ್ತದೆಯೇ ಹೊರತು, ವರ್ಷಗಳ ಅನುಭವವಿರುವ ನರ್ಸ್‌ಗಳಲ್ಲಿ ಮೇಲಕ್ಕೇರುವವರು ಯಾರೆಂಬುದರ ಗೊಡವೆಗೆ ಹೋಗುವುದಿಲ್ಲ.

ಇನ್ನೂ ಗಂಭೀರವಾದುದು ಸಂಬಳದ ವಿಚಾರ. ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ಸೂಚನೆಯಂತೆ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲೂ ನರ್ಸ್‌ಗಳ ವೇತನ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಬೇಕಾಯಿತು. ನಾಲ್ಕು ವರ್ಷ ಓದಿ ಪದವಿ ಪಡೆಯುವ ವೃತ್ತಿಗೆ ಇಂಥ ಸ್ಥಿತಿ ಬಂದಿರುವುದಕ್ಕೆ ಆರೈಕೆಯನ್ನು ಕಲಿತ ವಿದ್ಯೆಯೆನ್ನದೆ ಹುಟ್ಟುಗುಣವೆನ್ನುವ ನಂಬಿಕೆಯೂ ಒಂದು ಕಾರಣ. ಹುಟ್ಟಿನಿಂದ ಬಂದ ಗುಣಕ್ಕೆ ಬೆಲೆ ಕಟ್ಟುವ ರೂಢಿ ಸಮಾಜದಲ್ಲಿಲ್ಲ. ಪುರುಷರನ್ನು ಹೊರಗಿಡುವ ನಂಬಿಕೆಯೂ ಅದೇ ಆಗಿರುವುದರಿಂದ, ಮಹಿಳೆಯರ ಹೆಸರಿನಲ್ಲಿ ನಿಂತಿರುವ ಈ ನಿಯಮ ಅವರ ದುಡಿಮೆಯನ್ನು ಅಗ್ಗವಾಗಿಸುವ ಭಾವನೆಗೇ ಬಲ ಕೊಡುತ್ತದೆ. ಅರ್ಹತೆಯ ಮೇಲೆ ನೇಮಕ, ರೋಗಿಯ ಒಪ್ಪಿಗೆಯ ಮೇಲೆ ಕೆಲಸದ ಹಂಚಿಕೆ, ಪ್ರಸೂತಿ ಶುಶ್ರೂಷೆಯೂ ಸೇರಿದಂತೆ ಎಲ್ಲರಿಗೂ ಪೂರ್ಣ ತರಬೇತಿ, ಬಡ್ತಿಯಲ್ಲಿ ಮಹಿಳೆಯರಿಗೆ ರಕ್ಷಣೆ ಮತ್ತು ನ್ಯಾಯವಾದ ವೇತನ ಇವು ಒಟ್ಟಿಗೆ ಬಂದರೆ ಮಾತ್ರ ಪುರುಷರ ಪ್ರವೇಶದಿಂದ ವೃತ್ತಿಗೆ ಬಲ ಬರುತ್ತದೆ. ಬರಿಯ ಶೇಕಡಾವಾರು ಹಂಚಿಕೆಯಿಂದ ಮಹಿಳೆಯರಿಗಾಗಲಿ ರೋಗಿಗಳಿಗಾಗಲಿ ನ್ಯಾಯ ಸಿಗದು.